ಮಕ್ಕಳು ಸೋಮಾಚಾರಿಗೇ ಯಾಕೆ ಹೇಳುತ್ತಿದ್ದರು

ಹೋದ ತಿಂಗಳು ನಾಗಮಂಗಲದ ಕಡೆಯ ಒಬ್ಬ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ಶಾಲೆಗಳಲ್ಲಿ ಆಪ್ತ ಸಮಾಲೋಚಕಿ ಆಗುವ ಓದಿಗೆ ಈ ವರ್ಷ ಸೇರಿದ್ದಾಳೆ. “ನಿಮ್ಮ ಕಾಲದ ಟ್ರೈನಿಂಗ್‌ನಲ್ಲಿ ಯಾವುದು ತುಂಬಾ ಕಷ್ಟ ಆಯ್ತು ಸಾರ್?” ಎಂದು ಕೇಳಿದಳು. ನಾನು ಹಿರಿಯನ ಗತ್ತಿನಲ್ಲಿ ಮನಃಶಾಸ್ತ್ರದ ಪತ್ರಿಕೆ ಕಷ್ಟ, ಸಂಖ್ಯಾಶಾಸ್ತ್ರ ಸುಲಭ ಎಂದು ಏನೇನೋ ಹೇಳಿ ಕಳಿಸಿದೆ. ಅವಳು ಗೇಟು ದಾಟಿದ ಮೇಲೆ ನನಗೇ ನಾಚಿಕೆಯಾಯಿತು. ಆ ವರ್ಷ ನಾನು ಓದಿದ್ದಕ್ಕಿಂತ ಹೊಟ್ಟೆ ಉರಿದುಕೊಂಡದ್ದೇ ಹೆಚ್ಚು. ಕಷ್ಟ ಎಂದರೆ ಅದೇ. ಮುಖ ನೋಡಿಕೊಂಡು ಹೇಳಲಾಗಲಿಲ್ಲ, ಅದಕ್ಕೇ ಅವಳಂಥ ಹೊಸಬರಿಗೆಂದು ಬರೆಯುತ್ತಿದ್ದೇನೆ.

ನನಗೆ ಆಮೇಲೆ ಸಿಕ್ಕ ಬಡ್ತಿ, ಹಾರ, ಬೀಳ್ಕೊಡುಗೆಯ ಗಡಿಯಾರ, ಇವನ್ನೆಲ್ಲ ಬಿಡಿ. ಅವು ಎಲ್ಲರಿಗೂ ಸಿಕ್ಕುತ್ತವೆ, ಹೆಚ್ಚು ಕಾಲ ಬದುಕಿದ್ದರೆ ಸಾಕು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಗಣಿತದ ಮೇಷ್ಟ್ರು. ಮನೆ ಪಾಂಡವಪುರದಲ್ಲಿ. ಮಕ್ಕಳ ಸಮಸ್ಯೆ ಕೇಳಿ ದಾರಿ ತೋರುವ ಕೆಲಸಕ್ಕೆ ಪದವೀಧರ ಶಿಕ್ಷಕರನ್ನು ಒಂದು ವರ್ಷ ಮೈಸೂರಿನಲ್ಲಿ ಓದಿಸುತ್ತಾರೆ, ಸಂಬಳ ನಿಲ್ಲುವುದಿಲ್ಲ ಎಂದು ಸುತ್ತೋಲೆ ಬಂತು. ಅರ್ಜಿ ಹಾಕಿದೆ, ಸಿಕ್ಕಿತು. ನಮ್ಮ ಹೆಡ್‌ಮೇಷ್ಟ್ರು ಕಾಗದಕ್ಕೆ ಸಹಿ ಹಾಕುತ್ತಾ, “ಓಗ್ಬನ್ನಿ ನಂಜೇಗೌಡ್ರೇ. ಮಕ್ಕಳಿಗೆ ಬುದ್ಧಿ ಯೋಳಕ್ಕೆ ಒಂದು ವರ್ಸ ಓದ್ಬೇಕಾ? ನಮ್ಮಪ್ಪ ಒಂದು ಹುಣಸೆ ಬರ್ಲಲ್ಲೇ ಯೋಳ್ತಿದ್ದ” ಎಂದು ನಕ್ಕರು. ನನ್ನ ಅಭಿಪ್ರಾಯವೂ ಹೆಚ್ಚುಕಮ್ಮಿ ಅದೇ ಆಗಿತ್ತು. ಬುದ್ಧಿ ಹೇಳುವುದರಲ್ಲಿ ನಾನು ಯಾರಿಗೂ ಕಮ್ಮಿ ಇರಲಿಲ್ಲ.

ಮಂಡ್ಯ ಜಿಲ್ಲೆಯ ಕಡೆಯಿಂದ ಆರು ಜನ ಇದ್ದೆವು. ಅದರಲ್ಲಿ ಒಬ್ಬ ಸೋಮಾಚಾರಿ. ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನವನು, ನನಗಿಂತ ಹತ್ತು ವರ್ಷ ಚಿಕ್ಕವನು. ಅಪ್ಪ ಅಕ್ಕಸಾಲಿ. ಇವನು ಬಿ.ಎ., ಬಿ.ಎಡ್. ಮಾಡಿ ಯಾವುದೋ ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದ. ಸಣ್ಣ ಆಳು, ಮಾತು ಕಮ್ಮಿ, ಅಂಗಿಯ ಮೇಲಿನ ಗುಂಡಿವರೆಗೂ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಮೊದಲ ಪರೀಕ್ಷೆಯಲ್ಲಿ ನನಗೆ ತರಗತಿಗೇ ಹೆಚ್ಚು ಅಂಕ, ಅವನಿಗೆ ಪಾಸಾಗುವಷ್ಟು. ಪಾಪ ಎನ್ನಿಸಿ ನನ್ನ ನೋಟ್ಸು ಕೊಟ್ಟೆ. ಆಗ ಅವನ ಮೇಲೆ ನನಗೆ ಬಹಳ ಪ್ರೀತಿ ಇತ್ತು.

ಸೋಮವಾರದಿಂದ ಬುಧವಾರದವರೆಗೆ ಮೈಸೂರಿನಲ್ಲಿ ಪಾಠ. ಗುರುವಾರ ಶುಕ್ರವಾರ ಶಾಲೆಗಳಿಗೆ ಹೋಗಿ ಮಕ್ಕಳ ಜೊತೆ ಕೂತು ಮಾತಾಡಬೇಕು. ಶನಿವಾರ ಮಧ್ಯಾಹ್ನ ಶ್ರೀರಂಗಪಟ್ಟಣದ ಒಂದು ಶಾಲೆಯ ಕೊಠಡಿಯಲ್ಲಿ ಆರೂ ಜನ ಸುಲೋಚನಾ ಮೇಡಂ ಮುಂದೆ ಸೇರಬೇಕು. ಮೇಡಂ ನಮ್ಮ ಮೇಲ್ವಿಚಾರಕಿ. ಬಿಳಿ ಕೂದಲು, ಖಾದಿ ಸೀರೆ, ಸಿಟ್ಟು ಬಂದರೆ ದನಿ ಇನ್ನೂ ತಗ್ಗುತ್ತಿತ್ತು.

ಅವರು ಕಲಿಸಿದ ಕ್ರಮ ಇಷ್ಟೇ. ಮಗುವಿನ ಮುಂದೆ ಪೆನ್ನು ತೆಗೆಯಬಾರದು. ಮಾತು ಮುಗಿದು ಮಗು ಹೋದ ಮೇಲೆ, ನೆನಪಿನಿಂದಲೇ, ಪುಸ್ತಕದ ಹಾಳೆಗೆ ನಡುವೆ ಗೀಟು ಹಾಕಿ ಎಡಗಡೆ ಅದು ಏನು ಹೇಳಿತು, ನಾವೇನು ಹೇಳಿದೆವು ಎಂದು ಪ್ರತಿ ಮಾತನ್ನೂ ಹಾಗೇ ಬರೆಯಬೇಕು. ಬಲಗಡೆ, ಆ ಹೊತ್ತು ನಮ್ಮ ಒಳಗೆ ಏನಾಯಿತು ಎಂದು ಬರೆಯಬೇಕು. ಹೆಸರು ಬರೆಯುವಂತಿಲ್ಲ, ನಂಬರು ಮಾತ್ರ. ಶನಿವಾರ ಮೇಡಂ ಯಾವುದಾದರೂ ಒಂದನ್ನು ಎತ್ತಿ ಓದಿಸುತ್ತಿದ್ದರು. ಇನ್ನೊಂದು ನಿಯಮ: ಯಾರನ್ನೂ ಅವರ ಸ್ವಂತ ಊರಿನ ಶಾಲೆಗೆ ಹಾಕುವುದಿಲ್ಲ. “ನಿಮ್ಮ ಕಡೆ ಎಲ್ಲರೂ ಎಲ್ಲರಿಗೂ ನೆಂಟರು” ಎನ್ನುತ್ತಿದ್ದರು. ಹಾಗಾಗಿ ನನಗೆ ಗುರುವಾರ ಕೆ.ಆರ್. ಪೇಟೆ, ಶುಕ್ರವಾರ ನಾಗಮಂಗಲ ಬಂತು. ನಮ್ಮ ಪಾಂಡವಪುರದ ಹೆಣ್ಣುಮಕ್ಕಳ ಪ್ರೌಢಶಾಲೆ ಎರಡೂ ದಿನಕ್ಕೆ ಸೋಮಾಚಾರಿಯ ಪಾಲಿಗೆ ಹೋಯಿತು. ನನ್ನ ಮಗಳು ಮಂಜುಳಾ ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದಳು. ಆಗ ಅದು ನನ್ನ ತಲೆಯಲ್ಲೇ ಇರಲಿಲ್ಲ.

ಕೆ.ಆರ್. ಪೇಟೆಯಲ್ಲಿ ಮೊದಲ ವಾರವೇ ನಾನು ಮಾಡಿದ ಎಡವಟ್ಟನ್ನು ನೀವು ಯಾರೂ ಮಾಡಬೇಡಿ. ತರಗತಿಯಲ್ಲಿ ಬಾಯೇ ಬಿಡದ ಒಬ್ಬ ಹುಡುಗನನ್ನು ಕಳಿಸಿದರು. ಎದುರಿಗೆ ಕೂರಿಸಿಕೊಂಡು ನಾನು ಕೇಳಿದ ಮೊದಲ ಪ್ರಶ್ನೆ, “ಯಾವೂರ್ಲಾ? ಯಾರ ಮಗ?” ಇದು ನಮ್ಮ ಬಾಯಿಗೆ ಉಸಿರಿನಷ್ಟೇ ಸಲೀಸು. ಹುಡುಗ ಊರು ಹೇಳಿದ, ಮನೆತನ ಹೇಳಿದ. ನೋಡಿದರೆ ಅವನ ದೊಡ್ಡಪ್ಪ ನನ್ನ ತಂಗಿಯ ಗಂಡನಿಗೆ ಷಡ್ಡಕ! ನನಗೆ ಹಿಗ್ಗೋ ಹಿಗ್ಗು. “ಅಯ್ಯೋ, ನಮ್ಮೋನೇ ಕಣ್ಲಾ ನೀನು. ಎದುರ್ಕೋಬೇಡ, ನಿಮ್ಮಪ್ಪಂಗೆ ನಾನು ಯೋಳ್ತೀನಿ” ಎಂದೆ. ಹುಡುಗನ ಮುಖ ಸುಣ್ಣವಾಯಿತು. ಅವನು ಹೇಳಬೇಕಾಗಿದ್ದದ್ದು ಅಪ್ಪನ ಬಗ್ಗೆಯೇ ಇರಬೇಕು. “ಏನಿಲ್ಲ ಸಾ, ಒಟ್ಟೆ ನೋವು ಅಷ್ಟೆಯಾ” ಎಂದು ಎದ್ದು ಹೋದ. ಆಮೇಲೆ ಎರಡು ವಾರ ಆ ಶಾಲೆಯ ಒಂದು ನರಪಿಳ್ಳೆಯೂ ನನ್ನ ಕೊಠಡಿಯ ಕಡೆ ಸುಳಿಯಲಿಲ್ಲ.

ಆ ಮೊದಲ ವಾರದ ಶನಿವಾರ ನನ್ನ ಮೂರು ಪುಟದ ಬರಹ ಓದಿಸಿದರು. ಬಲಗಡೆ ನಾನು ಉದ್ದಕ್ಕೂ ‘ಸಹಾನುಭೂತಿ ಉಂಟಾಯಿತು’ ಎಂದು ಬರೆದಿದ್ದೆ. ಮೇಡಂ, “ನೆಂಟಸ್ತಿಕೆ ಹುಡುಕಿದ್ದೀರಿ, ಮಗು ಕಳೆದುಹೋಗಿದೆ” ಎಂದರು. ಆಮೇಲೆ ಸೋಮಾಚಾರಿಯದು ಓದಿಸಿದರು. ಅದು ಇದ್ದದ್ದೇ ಏಳೆಂಟು ಸಾಲು. ಎಡಗಡೆ: ‘ಹುಡುಗಿ ಬಂದು ಕೂತಳು. ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ. ಬಹಳ ಹೊತ್ತಾಯಿತು. ನಾಳೆ ಬರಲಾ ಸಾ ಅಂದಳು. ಬಾರವ್ವ ಅಂದೆ. ಮರುದಿನ ಬಂದಳು, ಎಲ್ಲಾ ಹೇಳಿದಳು.’ ಬಲಗಡೆ: ‘ನನಗೆ ಭಯವಾಗಿತ್ತು. ಬೆವರುತ್ತಿದ್ದೆ.’ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. “ಇದು ಕೆಲಸ” ಎಂದರು. ಅಷ್ಟೇ. ಹದಿನಾಲ್ಕು ವರ್ಷ ಸರ್ವೀಸಿನ ನನಗೆ ಅವರು ಆ ಒಂದು ಮಾತು ಅಂದಿರಲಿಲ್ಲ. ಅವತ್ತು ಹತ್ತಿದ ಕಿಚ್ಚು.

ವಾಪಸು ಬಸ್ ಸ್ಟ್ಯಾಂಡಿಗೆ ನಡೆಯುತ್ತಾ ಅವನನ್ನು ಕೆಣಕಿದೆ. “ಅಲ್ಲಯ್ಯಾ ಸೋಮಾಚಾರಿ, ಸುಮ್ನೆ ಕೂರಕ್ಕೆ ಸರ್ಕಾರ ಸಂಬಳ ಕೊಡ್ಬೇಕಾ?”

ಅವನು ಸಿಟ್ಟಾಗಲಿಲ್ಲ. “ನಮ್ಮಪ್ಪನ ಅಂಗ್ಡೀಲಿ ಅಂಗೇ ಸಾ. ಎಂಗಸ್ರು ತಾಳಿಗುಂಡು, ಓಲೆ ಕರಗ್ಸಕ್ಕೆ ತತ್ತಾರೆ. ಯಾಕವ್ವಾ ಅಂತ ಕೇಳ್ಬಾರ್ದು, ಅದು ನಮ್ಮ ಕುಲದ ಕಟ್ಲೆ. ಕೇಳುದ್ರೆ ಅವ್ರು ಇನ್ನೊಂದಪ ಬರಾಕಿಲ್ಲ. ಅಪ್ಪ ಸುಮ್ನೆ ಬೆಂಕಿ ಊದ್ತಾ ಇರ್ತಾನೆ. ಅವ್ರೇ ಯೋಳ್ತಾರೆ, ಮನ್ಸಾದ್ರೆ. ಕೇಳ್ದೋರೂ ಇನ್ನೆಲ್ಲೂ ಆಡ್ಬಾರ್ದು.”

ನಾವು ಗೌಡರ ಮಕ್ಕಳು ಬಾಯಿ ತೆರೆದರೆ ‘ಯಾರ ಮನೆ’ ಎಂದು ಕೇಳುವುದು, ಅವರು ಬಾಯಿ ಮುಚ್ಚಿಕೊಂಡು ಕುಲುಮೆ ಊದುವುದು. ಇದನ್ನು ಯಾವ ಪುಸ್ತಕದಲ್ಲಿ ಓದಿ ಸರಿಮಾಡಿಕೊಳ್ಳಲಿ? ನಾನು ನೋಟ್ಸು ಕೊಟ್ಟಿದ್ದ ಹುಡುಗ ಹುಟ್ಟುತ್ತಲೇ ಪಾಠ ಕಲಿತು ಬಂದಿದ್ದ. ಇದು ಅನ್ಯಾಯ ಅನ್ನಿಸಿತು.

ಅವನ ಉಪಾಯವನ್ನು ನಾನೂ ನಾಗಮಂಗಲದಲ್ಲಿ ಮಾಡಿ ನೋಡಿದೆ. ಎಂಟನೇ ಕ್ಲಾಸಿನ ಒಬ್ಬ ಹುಡುಗನ ಮುಂದೆ ಮುಖ ಗಂಟಿಕ್ಕಿಕೊಂಡು ಕಾಲು ಗಂಟೆ ಬಾಯಿ ಹೊಲಿದುಕೊಂಡು ಕೂತೆ. ಕೊನೆಗೆ ಅವನೇ ಮೆಲ್ಲಗೆ, “ಸಾ, ಉಸಾರಿಲ್ವಾ? ನೀರು ತಂದ್ಕೊಡ್ಲಾ?” ಎಂದ. ಅಲ್ಲಿನ ಹೆಡ್‌ಮೇಷ್ಟ್ರಂತೂ ನನ್ನನ್ನು ನೋಡಿದ ಕೂಡಲೇ, “ಗಣಿತದ ಮೇಷ್ಟ್ರು ರಜಾ ಹಾಕವ್ರೆ, ಹತ್ತನೇ ಕ್ಲಾಸಿಗೆ ಒಂದು ಪೀರಿಯಡ್ ಓಗ್ಬನ್ನಿ” ಎಂದು ಚಾಕ್‌ಪೀಸು ಕೈಗಿಡುತ್ತಿದ್ದರು. ನನಗೆ ಕೊಟ್ಟ ಕೊಠಡಿಯಲ್ಲಿ ಮುರಿದ ಬೆಂಚುಗಳ ರಾಶಿ. ಅಲ್ಲಿಗೆ ಯಾವ ಮಗು ಬಂದು ಅಳುತ್ತದೆ?

ಹದಿನೈದು ಮಕ್ಕಳ ದಾಖಲೆ ಒಪ್ಪಿಸಿದರೆ ಮಾತ್ರ ಸರ್ಟಿಫಿಕೇಟು. ಅರ್ಧ ವರ್ಷ ಕಳೆದರೂ ನನ್ನ ಹತ್ತಿರ ಎಂಟು ಇದ್ದವು, ಅವೂ ಸಪ್ಪೆ. ಸೋಮಾಚಾರಿಯ ಕಟ್ಟು ವಾರವಾರ ದಪ್ಪಗಾಗುತ್ತಿತ್ತು. ಶನಿವಾರ ಕೊಠಡಿಗೆ ಹೋದರೆ ನನ್ನ ಕಣ್ಣು ಮೊದಲು ಬೀಳುತ್ತಿದ್ದದ್ದು ಆ ಕಟ್ಟಿನ ಮೇಲೆ. ಎಷ್ಟು ಹಾಳೆ ಹೆಚ್ಚಾಗಿದೆ ಎಂದು ದೂರದಿಂದಲೇ ಅಂದಾಜು ಮಾಡುತ್ತಿದ್ದೆ. ಪಕ್ಕದ ಹೊಲದವನ ಕಬ್ಬು ನೋಡುವಂತೆ.

ಆಗ ನಾನು ಮಾಡಿದ ಕೆಲಸ ಇದು.

ಅವರೆಕಾಯಿ ಕಾಲ. ಒಂದು ಸಂಜೆ ಮಂಜುಳಾ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಸುಲಿಯತೊಡಗಿದೆ. ಹೊಸದಾಗಿ ಕಲಿತಿದ್ದ ಮಾತು ಬಾಯಿಗೆ ಬಂತು. “ಇವತ್ತು ಸ್ಕೂಲ್ನಲ್ಲಿ ಏನಾಯ್ತು ಮಗಳೇ? ನಿನಗೆ ಹೇಗನ್ನಿಸ್ತು?” ಎಂದೆ. ಅವಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಹದಿನಾಲ್ಕು ವರ್ಷದಲ್ಲಿ ಅವಳ ಅಪ್ಪ ‘ಮಾರ್ಕ್ಸ್ ಎಷ್ಟು’ ಎನ್ನುವುದನ್ನು ಬಿಟ್ಟು ಇನ್ನೇನೂ ಕೇಳಿರಲಿಲ್ಲ. ಮೊದಲು ನಾಚಿಕೊಂಡಳು, ಆಮೇಲೆ ಶುರು ಮಾಡಿದಳು. ಜೊತೆಯಲ್ಲಿ ಕೂರುತ್ತಿದ್ದ ಗೆಳತಿ ಜಾಗ ಬದಲಾಯಿಸಿದ್ದು, ಅಪ್ಪ ಗಣಿತದ ಮೇಷ್ಟ್ರು ಅನ್ನುವುದಕ್ಕೇ ಗಣಿತ ಕಂಡರೆ ಕೈ ನಡುಗುವುದು, ಎಲ್ಲ ಹೇಳಿದಳು. ಮರುದಿನ ಸಂಜೆ ನಾನು ಬರುವ ಹೊತ್ತಿಗೆ ಮೊರ ಹಿಡಿದು ಕಾಯುತ್ತಿದ್ದಳು. ಅವಳ ಮುಖದಲ್ಲಿದ್ದ ಖುಷಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವಳಿಗೆ ಅಪ್ಪ ಸಿಕ್ಕಿದ್ದ, ನನಗೆ ಕೇಸು ಸಿಕ್ಕಿತ್ತು.

ಅವಳು ಒಳಗೆ ಹೋದ ಕೂಡಲೇ ಹಾಳೆಗೆ ಗೀಟು ಹಾಕಿ ಒಂದಕ್ಷರ ಬಿಡದೆ ಬರೆದೆ. ಒಂದೇ ಹುಡುಗಿಯನ್ನು ನಾಲ್ಕು ಹುಡುಗಿಯರಾಗಿ ಹಂಚಿ, ನಾಗಮಂಗಲದ ಶಾಲೆಯವರು ಎಂದು ಸುಳ್ಳು ಹೇಳಿ, ಒಂಬತ್ತರಿಂದ ಹನ್ನೆರಡರವರೆಗೆ ನಂಬರು ಕೊಟ್ಟೆ. ಒಂದು ಸಂಜೆ ಅವಳು ದನಿ ಇಳಿಸಿ, “ಅಜ್ಜಿ ಬಂದು ಹೋದ ದಿನ ಅಮ್ಮ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾಳೆ ಅಪ್ಪ. ನಾನು ಹೇಳ್ದೆ ಅಂತ ಹೇಳ್ಬೇಡ” ಎಂದಿದ್ದಳು. ಅಜ್ಜಿ ಎಂದರೆ ನನ್ನ ತಾಯಿ. ಅಳುವವಳು ನನ್ನ ಹೆಂಡತಿ ಜಯಮ್ಮ. ಅದನ್ನೂ ಬರೆದೆ. ಬಲಗಡೆ ಏನು ಬರೆದೆ ಗೊತ್ತೇ? ‘ಈ ಮನೆಯ ಗಂಡಸಿಗೆ ಇದು ತಿಳಿದಂತಿಲ್ಲ.’ ಬರೆದು, ವಾಕ್ಯ ಚೆನ್ನಾಗಿ ಬಂತು ಎಂದು ಇನ್ನೊಮ್ಮೆ ಓದಿಕೊಂಡೆ. ಹೆಂಡತಿಯನ್ನು ಮಾತ್ರ ಒಂದು ಮಾತೂ ಕೇಳಲಿಲ್ಲ.

ಮೇಡಂ ಓದಿ, “ನಂಜೇಗೌಡರೇ, ಈಗ ನಿಮ್ಮ ಹಾಳೆಯಲ್ಲಿ ಮಗು ಕಾಣ್ತಾ ಇದೆ” ಎಂದರು. ಸೋಮಾಚಾರಿ, “ಸೆಂದಾಗೈತೆ ಸಾ” ಎಂದ. ಅವನ ಬಾಯಿಂದ ಅದನ್ನು ಕೇಳಿದಾಗ ನಾಲಗೆಯ ಮೇಲೆ ಬೆಲ್ಲ ಇಟ್ಟ ಹಾಗಾಯಿತು.

ಹೆಚ್ಚು ದಿನ ನಡೆಯಲಿಲ್ಲ. ಒಂದು ಸಂಜೆ ಮಂಜುಳಾ ಮೊರ ತೆಗೆದುಕೊಂಡು ಹಿತ್ತಲಿಗೆ ಹೋದಳು. ನಾನೂ ಹೋದರೆ ಒಳಗೆ ಬಂದಳು. ಏನು ಕೇಳಿದರೂ ‘ಊಂ’, ‘ಏನಿಲ್ಲ’. ವಯಸ್ಸಿಗೆ ಬಂದ ಹುಡುಗಿ, ಅದೇ ಇರಬೇಕು ಎಂದುಕೊಂಡೆ. “ಯಾಕೆ ಮಂಜಿ ಹಿಂಗವ್ಳೆ, ನೀವೇ ಕೇಳ್ಬಾರ್ದಾ? ನೀವ್ ಊರ ಮಕ್ಕಳನ್ನೆಲ್ಲ ಕೇಳೋ ಮೇಷ್ಟ್ರಲ್ವಾ?” ಎಂದು ಜಯಮ್ಮ ಅಂದಳು. ನನಗೆ ಮಗಳ ಚಿಂತೆಗಿಂತ ಹದಿಮೂರನೇ ನಂಬರಿನ ಚಿಂತೆ ಹೆಚ್ಚಾಗಿತ್ತು. ಹೀಗೇ ಒಂದು ತಿಂಗಳು ಕಳೆಯಿತು.

ಆಮೇಲೆ ಬಂದ ಒಂದು ಶನಿವಾರ ಮೇಡಂ ಸೋಮಾಚಾರಿಯ ಕಟ್ಟಿನಿಂದ ಹದಿನೇಳನೇ ನಂಬರಿನ ಹಾಳೆ ಎಳೆದರು. ಅವನು ಎದ್ದು ನಿಂತ. “ಮೇಡಂ, ಅದು ಬ್ಯಾಡಿ. ಬೇರೆ ಯಾವ್ದಾರಾ ತಕ್ಕಳಿ.”

ಅವನು ಹಾಗೆ ಹೇಳಿದ್ದು ಅದೇ ಮೊದಲು. ಇವನು ತನ್ನ ಒಳ್ಳೆಯ ಸರಕನ್ನು ಪರೀಕ್ಷೆಗೆಂದು ಬಚ್ಚಿಟ್ಟುಕೊಳ್ಳುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. “ನಮ್ಮದೆಲ್ಲಾ ಓದಿಸಿದ್ದೀರಿ ಮೇಡಂ. ಇವರದಕ್ಕೆ ಮಾತ್ರ ಯಾಕೆ ಮಡಿ? ಇದನ್ನೇ ಕೇಳೋಣ” ಎಂದೆ. ಉಳಿದವರೂ ಹೌದೆಂದರು. ಮೇಡಂ, “ಓದಬೇಡಿ. ಗುರುತು ಸಿಗದ ಹಾಗೆ ಬದಲಾಯಿಸಿ ಬಾಯಲ್ಲಿ ಹೇಳಿ” ಎಂದರು. ಸೋಮಾಚಾರಿ ನನ್ನ ಮುಖವನ್ನೇ ನೋಡಿದ. ನಾನು ಹುಬ್ಬು ಹಾರಿಸಿದೆ.

“ಒಂದು ಎಣ್ಮಗ ಅವ್ಳೆ ಮೇಡಂ. ಅವ್ರಪ್ಪಂದು ಹೋಟ್ಲು. ಮಗ್ಳ ಕುಟೆ ಸೆಂದಾಗಿ ಮಾತಾಡ್ತಾನೆ. ಅವ್ಳೂ ಮನೆ ಒಳಗಿಂದೆಲ್ಲಾ ಯೋಳ್ಕತಾಳೆ. ಅವ್ನು ಅದ್ನ ಗಿರಾಕಿಗಳ ಮುಂದೆ ಯೋಳಿ ಬೇಸ್ ಅನ್ನಿಸ್ಕತಾನೆ. ಮಗೀಗೆ ಗೊತ್ತಾಗ್ಬುಟ್ಟೈತೆ. ಅಪ್ಪಂಗೆ ಇನ್ಮೇಲೆ ಸುಳ್ಳು ಯೋಳ್ಲಾ, ಮಾತೇ ಬುಟ್ಬುಡ್ಲಾ ಅಂತ ಕೇಳ್ತು. ನಂಗೆ ಏನ್ ಯೋಳ್ಬೇಕೋ ಗೊತ್ತಾಗ್ನಿಲ್ಲ” ಎಂದು ಕೂತುಬಿಟ್ಟ.

ನಾನು ಎದ್ದೆ. ಆ ದಿನ ನನ್ನ ಬಾಯಲ್ಲಿ ಸರಸ್ವತಿ ಕೂತಿದ್ದಳು. ಮಗುವಿನ ನಂಬಿಕೆ ಎಂದರೇನು, ಅದನ್ನು ಬೀದಿಗೆ ತಂದು ತನ್ನ ದೊಡ್ಡಸ್ತಿಕೆಗೆ ಬಳಸುವವನು ಎಂಥ ಅಪ್ಪ, ಕಳ್ಳನಾದರೂ ಕತ್ತಲಲ್ಲಿ ಕದಿಯುತ್ತಾನೆ, ಇವನು ಮಡಿಲಲ್ಲಿ ಕೂರಿಸಿಕೊಂಡು ಕದಿಯುತ್ತಾನೆ, ಅವನು ಅಪ್ಪನೇ ಅಲ್ಲ ಎಂದೆ. ಹತ್ತು ನಿಮಿಷ ಮಾತಾಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟು ಬುದ್ಧಿಯೂ ನನಗಿರಲಿಲ್ಲ. ಮೇಡಂ, “ಚೆನ್ನಾಗಿ ಹೇಳಿದಿರಿ” ಎಂದರು. ಸೋಮಾಚಾರಿ ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದ. ಕಡೆಗೂ ಇವನಿಗೂ ಉರಿಯಿತು ಎಂದು ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಪಾಂಡವಪುರದ ಬಸ್ಸಿನಲ್ಲಿ ನಿಂತುಕೊಂಡೇ ಬಂದರೂ ಕಾಲು ನೋಯಲಿಲ್ಲ. ಮನೆಗೆ ಬಂದವನೇ ಜಯಮ್ಮನಿಗೆ ಎಲ್ಲವನ್ನೂ ಅಭಿನಯ ಮಾಡಿ ಹೇಳಿದೆ. ಹೊರಗೆ ಆಡಬಾರದ ಮಾತು ಎಂಬ ನಿಯಮವೂ ನೆನಪಾಗಲಿಲ್ಲ. ಮಂಜುಳಾ ಅಲ್ಲೇ ಗೋಡೆಗೊರಗಿ ಓದಿಕೊಳ್ಳುತ್ತಿದ್ದಳು. ತಿಂಗಳ ಮೇಲೆ ಮೊದಲ ಸಲ ತಾನಾಗಿ ಬಾಯಿ ಬಿಟ್ಟಳು.

“ಅವ್ನು ಅಪ್ಪನೇ ಅಲ್ಲ ಅಂದ್ಯಾ?”

“ಹೂಂ ಕಣವ್ವ.”

“ಎಲ್ರ ಮುಂದೆನೂ ಅಂದ್ಯಾ? ಸೋಮಾಚಾರಿ ಸಾರ್ ಇದ್ರಾ?”

ಇದ್ದ ಎಂದೆ. ಅವಳು ಎದ್ದು ನನ್ನ ಚೀಲದಿಂದ ಆ ಪುಸ್ತಕ ತೆಗೆದುಕೊಂಡು ಬಂದಳು. ಹಿಂದೊಮ್ಮೆ ಗ್ರಾಫ್ ಹಾಳೆ ಹುಡುಕುವಾಗ ಅವಳಿಗೆ ಅದು ಸಿಕ್ಕಿತ್ತಂತೆ. ನನ್ನ ಮುಂದೆ ಅಲ್ಲ, ಅವರಮ್ಮನ ಮುಂದೆ ತೆರೆದಿಟ್ಟಳು. “ನೋಡಮ್ಮ. ನಂಬರ್ ಒಂಬತ್ತು ನಾನು. ಹತ್ತೂ ನಾನೇ, ಹನ್ನೊಂದೂ ನಾನೇ. ಹನ್ನೆರಡು ನೀನು” ಎಂದಳು. ಅಳಲಿಲ್ಲ. ಜಯಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಎಡಗಡೆ ಬಲಗಡೆ ಎರಡನ್ನೂ, ನಿಧಾನವಾಗಿ ಓದಿದಳು. ಪುಸ್ತಕವನ್ನು ಕಿಟಕಿಯಲ್ಲಿಟ್ಟು ಒಳಗೆ ಹೋದಳು. ಆ ರಾತ್ರಿ ನನ್ನ ಊಟ ಬಡಿಸಿ ಮುಚ್ಚಿಟ್ಟು ಮಲಗಿದಳು.

ನಿಜ ಹೇಳುತ್ತೇನೆ. ಆ ಕ್ಷಣ ನನಗೆ ಮೊದಲು ಆದದ್ದು ನಾಚಿಕೆಯಲ್ಲ. ‘ಇವಳೂ ಅವನ ಹತ್ತಿರವೇ ಹೋದಳಲ್ಲ’ ಅನ್ನುವ ಉರಿ. ನಾಚಿಕೆ ಆಮೇಲೆ ಬಂತು, ಕುಂಟುತ್ತಾ.

ಮರುದಿನ ಭಾನುವಾರ ಬೆಳಿಗ್ಗೆಯೇ ಬಾಬುರಾಯನಕೊಪ್ಪಲಿಗೆ ಹೋದೆ. ಅವನ ಅಪ್ಪ ಹೊರಗಿನ ಕೊಠಡಿಯಲ್ಲಿ ಕೂತು ಏನೋ ಬೆಸೆಯುತ್ತಿದ್ದರು. ನನ್ನ ಕೂಗಿಗೆ ಅವರು ತಲೆಯನ್ನೂ ಎತ್ತಲಿಲ್ಲ.

“ನನ್ ಮಗ್ಳು ನಿನ್ ಹತ್ರ ಏನೇನು ಹೇಳವ್ಳೆ? ನಾನು ಅವಳಪ್ಪ ಕಣಯ್ಯ, ಕೇಳೋ ಹಕ್ಕಿದೆ!”

“ಯೋಳಕ್ಕಾಗಕಿಲ್ಲ ಸಾ. ಕಾಪಿ ಕುಡೀರಿ.”

“ನಿನ್ನೆ ನನ್ನನ್ನೇ ಕೂರಿಸ್ಕೊಂಡು ನನ್ನ ಮರ್ಯಾದೆ ತೆಗ್ದಲ್ಲ! ಮೇಡಂಗೆ ಹೇಳಿದ್ರೆ ನಿನ್ ಸರ್ಟಿಫಿಕೇಟು ಏನಾಯ್ತದೆ ಗೊತ್ತಾ?”

“ಯೋಳಿ ಸಾ. ತಪ್ಪು ನಂದೇಯ. ನಾನು ಬಾಯ್ ಬುಡ್ಬಾರ್ದಾಗಿತ್ತು, ಎದ್ದೋಗ್ಬೇಕಿತ್ತು. ನಿಮ್ಗೆ ಗೊತ್ತಾದ್ರೆ ನೀವೇ ಸರಿಯಾಯ್ತೀರಾ ಅಂತ ಒಂದು ಆಸೆ ಆಗ್ಬುಡ್ತು.”

ಕಾಪಿ ಲೋಟವನ್ನು ನನ್ನ ಕಡೆಗೆ ಸರಿಸಿದ. ಆಗ ನನಗೆ ಹೊಳೆಯಿತು. ನನ್ನ ನಾಲ್ಕು ಹುಡುಗಿಯರು ಸುಳ್ಳು ಎಂದು ಇವನಿಗೆ ವಾರಗಟ್ಟಲೆಯಿಂದ ಗೊತ್ತಿತ್ತು. ಒಂದು ಮಾತು ಮೇಡಂ ಕಿವಿಗೆ ಹಾಕಿದ್ದರೆ ನಾನು ಅಂದೇ ಮುಗಿಯುತ್ತಿದ್ದೆ. ಹಾಕಲಿಲ್ಲ. ಅವನು ಒಳ್ಳೆಯವನು ಅನ್ನುವುದೇ ನನಗೆ ಎಲ್ಲಕ್ಕಿಂತ ದೊಡ್ಡ ಉರಿಯಾಯಿತು. ಕೆಟ್ಟವನಾಗಿದ್ದರೆ ಬೈದು ಹಗುರವಾಗುತ್ತಿದ್ದೆ.

ಅವನ ಮೇಲೆ ದೂರು ಕೊಡಲೇಬೇಕೆಂದು ಸೋಮವಾರ ಮೈಸೂರಿನ ಬಸ್ಸು ಹತ್ತಿದೆ. ಮೇಡಂ ಕೊಠಡಿಯ ಬಾಗಿಲಿನವರೆಗೂ ಅದೇ ಮಾತನ್ನು ಜೋಡಿಸಿಕೊಳ್ಳುತ್ತಿದ್ದೆ. ಒಳಗೆ ಹೋಗಿ ಪುಸ್ತಕ ಮೇಜಿನ ಮೇಲಿಟ್ಟಾಗ ಕಿವಿಯಲ್ಲಿ ಕೇಳಿಸಿದ್ದು ‘ಹನ್ನೆರಡು ನೀನು’ ಎಂದ ಮಗಳ ದನಿ. ಬಾಯಿಂದ ಬೇರೆಯೇ ಹೊರಟಿತು. “ಒಂಬತ್ತರಿಂದ ಹನ್ನೆರಡು ನನ್ನ ಮಗಳು ಮೇಡಂ. ಹದಿನೇಳನೇ ನಂಬರಿನವಳ ಅಪ್ಪ ನಾನು. ಸೋಮಾಚಾರಿ ಬೇಡ ಅಂದ, ನಾನೇ ಬಲವಂತ ಮಾಡಿದ್ದು” ಎಂದೆ. ಮೇಡಂ ದನಿ ಬಾವಿಯ ತಳಕ್ಕೆ ಇಳಿಯಿತು. ನಾಲ್ಕೂ ಹಾಳೆ ಹರಿದು ನನ್ನ ಕೈಗೇ ಕೊಟ್ಟರು. ಆ ವರ್ಷ ನನ್ನನ್ನು ಪಾಸು ಮಾಡಲಿಲ್ಲ. ಶಾಲೆಯ ಕೆಲಸವನ್ನೆಲ್ಲ ಮುಂದಿನ ತಂಡದ ಜೊತೆ ಇನ್ನೊಮ್ಮೆ ಮಾಡಬೇಕಾಯಿತು. “ಕ್ಷಮೆ ನನ್ನನ್ನು ಕೇಳಬೇಡಿ” ಎಂದಷ್ಟೇ ಹೇಳಿದರು. ಸೋಮಾಚಾರಿಗೂ ಎಚ್ಚರಿಕೆಯ ಕಾಗದ ಕೊಟ್ಟರು. ಅದನ್ನು ಕೇಳಿ ನನಗೆ ಒಂದು ಚಿಟಿಕೆ ಸಮಾಧಾನವಾಯಿತು ಎಂದೂ ಬರೆದುಬಿಡುತ್ತೇನೆ.

ಮನೆಗೆ ಬಂದು ಇಬ್ಬರ ಮುಂದೆಯೂ ತಪ್ಪಾಯಿತು ಎಂದೆ. ಜಯಮ್ಮ, “ಇದ್ನೂ ಬರ್ಕೊಳ್ಳಿ, ಬಲಗಡೆ” ಎಂದಳು. ಅವಳು ಮೊದಲಿನ ಹಾಗಾಗಲು ಯುಗಾದಿ ಕಳೆಯಬೇಕಾಯಿತು. ನನ್ನ ತಾಯಿ ಬಂದ ದಿನ ನಾನೂ ಅಡುಗೆಮನೆಯಲ್ಲಿ ಕೂರುವುದನ್ನು ಕಲಿತೆ. ಮಂಜುಳಾ ಒಂದೇ ಮಾತು ಹೇಳಿದ್ದು. “ನಾನು ಸೋಮಾಚಾರಿ ಸಾರ್ ಹತ್ರ ಹೋಗೋದು ನಿಲ್ಸಲ್ಲ.”

“ಹೋಗವ್ವ” ಎಂದೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ತ್ರಾಸಪಟ್ಟು ಹೇಳಿದ ಪದ ಇನ್ನೊಂದಿಲ್ಲ.

ಶಾಲೆಗೆ ಹೋಗುವ ಕೆಲಸ ಆ ವರ್ಷಕ್ಕೆ ತಪ್ಪಿದ್ದರಿಂದ ಶುಕ್ರವಾರ ಸಂಜೆ ಅವಳನ್ನು ಕರೆತರಲು ಹೋಗುತ್ತಿದ್ದೆ. ಗಂಡಸು ಹೆಣ್ಣುಮಗುವಿನೊಡನೆ ಮಾತಾಡುವಾಗ ಬಾಗಿಲು ತೆರೆದಿರಬೇಕು ಎಂಬುದು ನಿಯಮ. ನಾನು ಮೈದಾನದ ಆಚೆ ಕಡೆಯ ಕಟ್ಟೆಯ ಮೇಲೆ ಕೂರುತ್ತಿದ್ದೆ. ಒಳಗೆ ಅವಳ ಕೈ ಆಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಒಮ್ಮೆ ಜೋರಾಗಿ ನಕ್ಕಳು. ಏನಕ್ಕೆ ನಕ್ಕಳೋ ತಿಳಿಯಲು ಒಂದು ತಿಂಗಳ ಸಂಬಳ ಕೊಟ್ಟುಬಿಡುತ್ತಿದ್ದೆ. ಹೊರಗೆ ಬಂದ ಮೇಲೆ ಕೇಳಲಿಲ್ಲ. ಹಾಗೆ ಕೇಳದೆ ಎಷ್ಟು ಶುಕ್ರವಾರ ನಡೆದುಕೊಂಡು ಬಂದೆವೋ. ಬಾಯಿ ಮುಚ್ಚಿಕೊಂಡಿರುವುದನ್ನು ನಾನು ಕಲಿತದ್ದು ಯಾವ ಕಾಲೇಜಿನಲ್ಲೂ ಅಲ್ಲ, ಶಾಲೆಯಿಂದ ನಮ್ಮ ಮನೆಯವರೆಗಿನ ಆ ರಸ್ತೆಯಲ್ಲಿ. ಬೇಸಿಗೆ ರಜೆಗೆ ಮುಂಚಿನ ಒಂದು ಸಂಜೆ ಅವಳು ತಟ್ಟನೆ ನಿಂತು, “ಅಪ್ಪ, ಒಂದು ಹೇಳ್ತೀನಿ. ಬರೀಬೇಡ” ಎಂದಳು. ಇಲ್ಲ ಎಂದೆ. ಹೇಳಿದಳು. ಏನೆಂದು ನಾನು ಬರೆಯುವುದಿಲ್ಲ.

ಮುಂದಿನ ವರ್ಷ ಪಾಸಾದೆ. ಕೆ.ಆರ್. ಪೇಟೆಯ ಮಕ್ಕಳು ನಿಧಾನವಾಗಿ ನನ್ನ ಹತ್ತಿರವೂ ಬಂದರು, ಸೋಮಾಚಾರಿಯ ಹತ್ತಿರ ಬಂದಷ್ಟಲ್ಲ. ಈಗ ನಿಮಗೆ ಒಪ್ಪಿಗೆ ಪತ್ರ ಇದೆ, ಕಂಪ್ಯೂಟರಿನಲ್ಲಿ ತುಂಬುವ ನಮೂನೆ ಇದೆ, ಮಕ್ಕಳು ಫೋನಿನಲ್ಲೇ ಮಾತಾಡುತ್ತಾರೆ. ಒಳ್ಳೆಯದೇ. ‘ಯಾರ ಮನೆ’ ಎಂದು ಮಾತ್ರ ಕೇಳಬೇಡಿ. ಪಕ್ಕದ ಕೊಠಡಿಯವನ ಹತ್ತಿರ ಮಕ್ಕಳು ಸಾಲು ನಿಂತರೆ ಹೊಟ್ಟೆ ಉರಿಯುತ್ತದೆ, ಉರಿಯಲಿ. ಅದು ಕಾಯಿಲೆಯಲ್ಲ. ಬಲಗಡೆಯ ಕಾಲಂನಲ್ಲಿ ಅದನ್ನೇ ಬರೆಯಿರಿ, ‘ಸಹಾನುಭೂತಿ’ ಎಂದು ಬರೆಯಬೇಡಿ.

ಇಷ್ಟು ಬರೆದು ಮುಗಿಸಿ, ಯಾರಿಗೂ ಕೊಡುವ ಮುಂಚೆ ಮಂಜುಳಾಗೆ ಕೊಟ್ಟೆ. ಅವಳೀಗ ಶ್ರೀರಂಗಪಟ್ಟಣದಲ್ಲಿದ್ದಾಳೆ, ಅವಳ ಮಗಳೇ ಒಂಬತ್ತನೇ ಕ್ಲಾಸು. ಓದು, ಬೇಡ ಅಂದರೆ ಹರಿದು ಹಾಕು ಎಂದೆ. ಅರ್ಧ ಗಂಟೆಯ ಓದಿಗೆ ನಾಲ್ಕು ದಿನ ಇಟ್ಟುಕೊಂಡಳು. ಐದನೇ ದಿನ ತಾನೇ ಬಂದು, ಕಾಫಿ ಕುಡಿಯುತ್ತಾ ಹಾಳೆಗಳನ್ನು ಮೇಜಿನ ಮೇಲಿಟ್ಟಳು.

“ಒಂದು ಪುಟ ತೆಗ್ದಿದೀನಿ ಅಪ್ಪ. ಯಾವ್ದು ಅಂತ ನಿನಗೆ ಗೊತ್ತಾಗುತ್ತೆ. ಮಿಕ್ಕಿದ್ದು ಕೊಟ್ಕೋ.”

“ಆಗ್ಲಿ. ನಾಕು ದಿನ ಯಾಕವ್ವ ಆಯ್ತು?”

“ಸೋಮಾಚಾರಿ ಸಾರ್‌ಗೆ ಓದಕ್ಕೆ ಕೊಟ್ಟಿದ್ದೆ. ಅವರು ಓದಿ ಹೂಂ ಅನ್ನೋವರ್ಗೂ ನಾನು ಓದಿರ್ಲಿಲ್ಲ.”

ಏನಂದ ಎಂದು ನಾಲಗೆಯ ತುದಿಗೆ ಬಂತು. ಅವಳು ಲೋಟದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ಎಪ್ಪತ್ತರ ಹತ್ತಿರ ಬಂದರೂ ಹೊಟ್ಟೆ ಅದೇ ಹೊಟ್ಟೆ, ಅದೇ ಉರಿ. ನಾನು ಕೇಳಲಿಲ್ಲ. ಅವಳು ಎರಡನೇ ಲೋಟ ಕಾಫಿ ಕೇಳಿದಳು, ಕಾಲು ಮಡಚಿ ಕೂತಳು, ಮನೆಯ ಸಂಗತಿ ಹೇಳತೊಡಗಿದಳು.